ಗಿರಾಕಿ ಕೊಡುವ ಉದ್ರಿ

ಊರಿನ ಕಿರಾಣಿ ಅಂಗಡಿಗಳಲ್ಲಿ ಗಲ್ಲೆಯ ಹಿಂದಿನ ಗೋಡೆಗೆ ಒಂದು ಹಲಗೆ ತೂಗುತ್ತಿದ್ದುದನ್ನು ಹಳಬರು ಬಲ್ಲರು: ‘ಇಂದು ನಗದು, ನಾಳೆ ಉದ್ರಿ.’ ಮರುದಿನ ಹೋದರೂ ಹಲಗೆಯ ಮೇಲೆ ‘ಇಂದು’ ಎಂದೇ ಇರುತ್ತಿದ್ದುದರಿಂದ ಉದ್ರಿಯ ದಿನ ಎಂದೂ ಬರುತ್ತಿರಲಿಲ್ಲ. ಸರಕು ಕೈಬಿಟ್ಟ ಮೇಲೆ ಹಣ ಕೈಸೇರೀತೆ ಎಂಬ ವರ್ತಕನ ಅಳುಕು ಆ ನಾಲ್ಕು ಮಾತಿನಲ್ಲಿ ಅಡಗಿತ್ತು. ಈಗ ಆ ಅಳುಕು ಗಲ್ಲೆಯನ್ನು ದಾಟಿ ಗಿರಾಕಿಯ ಕಡೆಗೆ ಬಂದಿದೆ. ಆನ್‌ಲೈನ್ ವ್ಯಾಪಾರದಲ್ಲಿ ಹಣ ಮೊದಲು ಹೋಗುತ್ತದೆ. ಸರಕು ನಾಲ್ಕು ದಿನಕ್ಕೋ ಹತ್ತು ದಿನಕ್ಕೋ ಬರುತ್ತದೆ. ಆ ನಡುವಣ ಅವಧಿಯಲ್ಲಿ, ಹೆಸರು ಏನೇ ಇರಲಿ, ಗಿರಾಕಿಯು ವರ್ತಕನಿಗೆ ಸಾಲ ಕೊಟ್ಟವನು. ಅದೂ ಪತ್ರವಿಲ್ಲದ, ಜಾಮೀನಿಲ್ಲದ, ಬಡ್ಡಿಯಿಲ್ಲದ ಸಾಲ. ಸರಕು ಬಾರದೆ ಹೋದಾಗ ಅವನು ಕೇಳುವ ‘ರೀಫಂಡ್’ ಎಂಬುದನ್ನು ವರ್ತಕರೂ ಅವರ ದೂರು ವಿಭಾಗದವರೂ ತಾವು ತೋರುವ ದಾಕ್ಷಿಣ್ಯವೆಂಬಂತೆ ನಡೆಸಿಕೊಡುತ್ತಾರೆ. ವಸ್ತುತಃ ಅದು ಸಾಲದ ವಸೂಲಿ. ಹೀಗೆ ನೋಡಿದಾಗಲೇ ನಮ್ಮ ಕಾನೂನು ಈ ವಿಷಯದಲ್ಲಿ ಎಲ್ಲಿ ಬಲವಾಗಿದೆ, ಎಲ್ಲಿ ಸೊರಗಿದೆ ಎಂಬುದು ತಿಳಿದೀತು.

ಈ ದೃಷ್ಟಿ ನಾವು ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ. 1930ರ ಸರಕು ಮಾರಾಟ ಅಧಿನಿಯಮ ಇಂದಿಗೂ ಜಾರಿಯಲ್ಲಿದೆ. ಬೇರೆ ಕರಾರು ಇಲ್ಲದಿದ್ದರೆ ಸರಕು ಕೊಡುವುದೂ ಬೆಲೆ ಕೊಡುವುದೂ ಜೊತೆಜೊತೆಯಾಗಿ ನಡೆಯಬೇಕೆಂದು ಅದರ 32ನೆಯ ಕಲಮು ಹೇಳುತ್ತದೆ. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ತೆಗೆದುಕೊಳ್ಳುವ ಸಂತೆಯ ನ್ಯಾಯವೇ ಅದು. ‘ಬೇರೆ ಕರಾರು ಇಲ್ಲದಿದ್ದರೆ’ ಎಂಬ ಮಾತಿನ ಕಂಡಿಯಿಂದಲೇ ಇಂದಿನ ಮುಂಗಡದ ವ್ಯಾಪಾರವೆಲ್ಲ ಒಳನುಸುಳಿದೆ. ನಾವು ಓದದೆ ಒಪ್ಪಿಗೆಯ ಗುರುತು ಒತ್ತುವ ಉದ್ದುದ್ದ ಷರತ್ತುಗಳಲ್ಲಿ ಆ ‘ಬೇರೆ ಕರಾರು’ ಸುಖವಾಗಿ ಕುಳಿತಿರುತ್ತದೆ. ಅದೇ ಅಧಿನಿಯಮದ 61ನೆಯ ಕಲಮು ಇನ್ನೂ ಗಮನಾರ್ಹವಾದುದು. ಮಾರಿದವನ ತಪ್ಪಿನಿಂದ ಕರಾರು ಮುರಿದು, ಕೊಂಡವನು ಬೆಲೆಯನ್ನು ಹಿಂದಕ್ಕೆ ಕೇಳಿ ದಾವೆ ಹೂಡಿದರೆ, ಹಣ ಕೊಟ್ಟ ದಿನದಿಂದಲೇ ಬಡ್ಡಿ ಹಾಕಿಕೊಡುವ ಅಧಿಕಾರ ನ್ಯಾಯಾಲಯಕ್ಕೆ ಉಂಟು. ಹಣ ಕೊಟ್ಟ ದಿನದಿಂದ ಎಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಇಂದಿನ ವ್ಯವಹಾರದಲ್ಲಾದರೋ, ‘ನಿಮ್ಮ ರೀಫಂಡ್ ಆರಂಭವಾಗಿದೆ’ ಎಂದು ವರ್ತಕನು ತನಗೆ ಅನುಕೂಲವಾದಾಗ ಸಂದೇಶ ಕಳುಹಿಸಿದ ದಿನದಿಂದ ಲೆಕ್ಕ ಹಿಡಿಯುವುದು ರೂಢಿಯಾಗಿಬಿಟ್ಟಿದೆ.

ದೂರದ ವ್ಯಾಪಾರದಲ್ಲಿ ಕೈಗೆ ಕೈ ಎಟುಕದು. ನಡುವೆ ಒಬ್ಬ ನಂಬಿಗಸ್ತ ಬೇಕಾಗುತ್ತಾನೆ. ನಮ್ಮ ದೇಶದಲ್ಲಿ ಆ ಕೆಲಸಕ್ಕೆ ನಿಂತದ್ದು ಅಂಚೆ ಇಲಾಖೆ. 1877ರಲ್ಲಿ ಬಂದ ‘ವ್ಯಾಲ್ಯೂ ಪೇಯಬಲ್’ ಪದ್ಧತಿ, ಜನರ ಬಾಯಲ್ಲಿ ಬರಿಯ ವಿ.ಪಿ., ಕನ್ನಡ ಪುಸ್ತಕಪ್ರಪಂಚಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಗಳಗನಾಥರಂಥವರು ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಬೇಕಾಗಿದ್ದ ನಾಡಿನಲ್ಲಿ, ಧಾರವಾಡದಲ್ಲೋ ಮೈಸೂರಿನಲ್ಲೋ ಅಚ್ಚಾದ ಪುಸ್ತಕವು ಮಲೆನಾಡಿನ ಮೂಲೆಯ ಶಾಲಾ ಉಪಾಧ್ಯಾಯರ ಮನೆಗೆ ಅಂಚೆಯವನ ಚೀಲದಲ್ಲಿ ಬಂದಿಳಿಯುವಂತಾಯಿತು. ಕಟ್ಟು ಕೈಗೆ ಬಂದಾಗ ಹಣ. ಆ ಹಣ ಅಂಚೆಯ ಮೂಲಕ ಮನಿಯಾರ್ಡರಾಗಿ ಪ್ರಕಾಶಕನಿಗೆ. ಉಪಾಧ್ಯಾಯರಿಗೆ ಪ್ರಕಾಶಕನ ಮುಖಪರಿಚಯವಿರಬೇಕಾಗಿರಲಿಲ್ಲ. ಅಂಚೆಯವನ ಪರಿಚಯವಿದ್ದರೆ ಸಾಕಿತ್ತು. ಅಷ್ಟೇ ಅಲ್ಲ, 1898ರ ಅಂಚೆ ಅಧಿನಿಯಮವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ವಂಚನೆಯ ಪ್ರಸಂಗಗಳಲ್ಲಿ ವಿ.ಪಿ. ಹಣವನ್ನು ಕಳುಹಿಸಿದವನಿಗೆ ಮುಟ್ಟಿಸದೆ ತಡೆಹಿಡಿದು, ವಿಳಾಸದಾರನಿಗೇ ಹಿಂದಿರುಗಿಸಲು ಸರ್ಕಾರ ನಿಯಮ ಮಾಡಬಹುದೆಂದು ಅದರ 35ನೆಯ ಕಲಮಿನಲ್ಲಿ ಹೇಳಿತ್ತು. ಕಟ್ಟು ಬಿಚ್ಚಿದರೆ ಒಳಗೆ ರದ್ದಿ ಕಾಗದ ಸಿಗುವ ಮೋಸ ನಮ್ಮ ಕಾಲದ ಆವಿಷ್ಕಾರವಲ್ಲವೆಂಬುದೂ ಇದರಿಂದ ವೇದ್ಯವಾಗುತ್ತದೆ. ಆ ಅಧಿನಿಯಮ 2024ರ ಜೂನ್ ತಿಂಗಳಲ್ಲಿ ತೆರವಾಗಿ, ಅದರ ಸ್ಥಾನದಲ್ಲಿ 2023ರ ಹೊಸ ಅಂಚೆ ಅಧಿನಿಯಮ ಬಂದಿದೆ. ಕಲಮು ಹೋದರೂ ಅದರ ಹಿಂದಿನ ವಿವೇಕ ನೆನಪಿನಲ್ಲಿಡತಕ್ಕದ್ದು. ಜಗಳ ತೀರುವ ತನಕ ಹಣ ಮೂರನೆಯವನ ಕೈಯಲ್ಲಿ ಇರಲಿ ಎಂಬುದೇ ಆ ವಿವೇಕ.

2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಸಂಸ್ಥೆ ಆರಂಭವಾದದ್ದೂ ಪುಸ್ತಕಗಳ ಮಾರಾಟದಿಂದಲೇ. ಕಾಣದ ಅಂಗಡಿಗೆ ಕಾರ್ಡಿನ ಮೂಲಕ ಮುಂಗಡ ಕೊಡಲು ನಮ್ಮ ಜನ ಹಿಂದೆಗೆದರು. 2010ರಲ್ಲಿ ಆ ಸಂಸ್ಥೆ ‘ಕ್ಯಾಶ್ ಆನ್ ಡೆಲಿವರಿ’ಯನ್ನು ಜಾರಿಗೆ ತಂದ ಮೇಲೆ ವ್ಯಾಪಾರ ಹಬ್ಬಿತು. ಹಳೆಯ ವಿ.ಪಿ.ಯೇ ಹೊಸ ಅಂಗಿ ತೊಟ್ಟು ಬಂದಿತ್ತು. ಆಮೇಲೆ 2016ರಲ್ಲಿ ಯುಪಿಐ ಬಂತು. ಹಣ ಕಳುಹಿಸುವುದು ಕಣ್ಣುಮಿಟುಕಿಸುವಷ್ಟು ಸುಲಭವಾಯಿತು. ಬಾಗಿಲಲ್ಲಿ ನಗದು ವಸೂಲು ಮಾಡುವುದು ವರ್ತಕನಿಗೆ ಖರ್ಚಿನ ಬಾಬು. ಗಿರಾಕಿ ಬೇಡವೆಂದರೆ ಸರಕು ಹೋಗಿಬಂದ ಸಾಗಣೆಯೂ ದಂಡ. ಆದಕಾರಣ ಮುಂಗಡ ಕೊಟ್ಟವನಿಗೆ ರಿಯಾಯಿತಿ, ಬಾಗಿಲಲ್ಲಿ ಕೊಡುವವನಿಗೆ ಮೇಲುಶುಲ್ಕ ಎಂಬ ಪದ್ಧತಿ ಹಲವೆಡೆ ಬೆಳೆಯಿತು. ವರ್ತಕನ ಲೆಕ್ಕದಲ್ಲಿ ಇದು ಸಮಂಜಸವೇ. ಆದರೆ ಅಂಚೆಯವನು ನಡುವೆ ನಿಂತು ತಡೆಯುತ್ತಿದ್ದ ಅಪಾಯ ಈ ಹತ್ತು ಹದಿನೈದು ವರ್ಷಗಳಲ್ಲಿ ಸದ್ದಿಲ್ಲದೆ ಗಿರಾಕಿಯ ಹೆಗಲಿಗೆ ಬಂದು ಕುಳಿತಿತು. ಕೆಲವು ರೂಪಾಯಿಗಳ ರಿಯಾಯಿತಿಗೆ ಅದನ್ನು ಅವನೇ ಹೊತ್ತುಕೊಂಡನೆಂದೂ ಹೇಳಬಹುದು.

ಸರ್ಕಾರ ಕೈಕಟ್ಟಿ ಕುಳಿತಿತೆಂದು ಹೇಳಿದರೆ ಅನ್ಯಾಯವಾದೀತು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಆನ್‌ಲೈನಿನಲ್ಲಿ ಕೊಂಡವನೂ ಗ್ರಾಹಕನೇ ಎಂದು ಸ್ಪಷ್ಟವಾಗಿ ಹೇಳಿತು. ಅದರ ಅಡಿಯಲ್ಲಿ 2020ರ ಜುಲೈ ತಿಂಗಳಲ್ಲಿ ಇ-ವಾಣಿಜ್ಯದ ನಿಯಮಗಳು ಬಂದವು. ಪ್ರತಿಯೊಂದು ಸಂಸ್ಥೆಯೂ ಒಬ್ಬ ದೂರು ಪರಿಹಾರಾಧಿಕಾರಿಯನ್ನು ನೇಮಿಸಬೇಕು. ಆತನು 48 ಗಂಟೆಗಳೊಳಗೆ ದೂರು ಬಂದುದಕ್ಕೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಹೇಳಿದ ದಿನಕ್ಕೆ ಬಾರದೆ ತಡವಾಗಿ ಬಂದ ಸರಕನ್ನು ವಾಪಸು ಪಡೆದು ಹಣ ಕೊಡಲು, ದೈವಿಕ ವಿಪತ್ತಿನಂಥ ಕಾರಣವಿಲ್ಲದಿದ್ದರೆ, ಮಾರುವವನು ನಿರಾಕರಿಸಕೂಡದು. ತಡವಾದುದಕ್ಕೇ ಹೀಗಿರುವಾಗ ಬಾರದೆ ಹೋದುದಕ್ಕೆ ಹೇಳಬೇಕಾದ್ದಿಲ್ಲ.

ಆದರೆ ಮಾರುವವನು ಯಾರು? ಇಲ್ಲಿ ಗಿರಾಕಿಯ ತಲೆ ತಿರುಗುವ ಮೊದಲ ತಿರುವು ಬರುತ್ತದೆ. ದೊಡ್ಡ ಜಾಲತಾಣಗಳು ಬಹುಮಟ್ಟಿಗೆ ತಾವು ಸಂತೆಯ ಮೈದಾನ ಮಾತ್ರ, ಅಂಗಡಿ ಹಾಕಿದವರು ಬೇರೆ ಎನ್ನುತ್ತವೆ. ಕಾನೂನೂ ಈ ಭೇದವನ್ನು ಒಪ್ಪಿದೆ. ಮೈದಾನದ ಯಜಮಾನನಿಗೆ ಮಧ್ಯವರ್ತಿಯೆಂಬ ರಕ್ಷಣೆ ಮಾಹಿತಿ ತಂತ್ರಜ್ಞಾನ ಅಧಿನಿಯಮದ 79ನೆಯ ಕಲಮಿನಲ್ಲಿ ಉಂಟು. ಪ್ರತಿಯಾಗಿ ಅವನಿಗೆ ಕೆಲವು ಕರ್ತವ್ಯಗಳೂ ಉಂಟು. ಕೊಂಡವನು ಬರವಣಿಗೆಯಲ್ಲಿ ಕೇಳಿದರೆ ಮಾರಿದವನ ಹೆಸರು, ಮುಖ್ಯ ವಿಳಾಸ ಮೊದಲಾದುವನ್ನು ಕೊಡಬೇಕು. ಪ್ರತಿ ದೂರಿಗೂ ಒಂದು ಸಂಖ್ಯೆ ಕೊಟ್ಟು ಅದರ ಗತಿ ತಿಳಿಯುವಂತೆ ಮಾಡಬೇಕು. ಹಣ ತೆಗೆದುಕೊಳ್ಳುವಾಗ ಮೈದಾನದ ಹೆಸರೇ ದೊಡ್ಡಕ್ಷರಗಳಲ್ಲಿ ಕಂಡು, ಹಣ ಹಿಂದಿರುಗಿಸುವಾಗ ಮಾತ್ರ ಎಂದೂ ಕೇಳರಿಯದ ಅಂಗಡಿಯೊಂದು ಮುಂದಕ್ಕೆ ಬರುವುದನ್ನು ಕಂಡವರಿಗೆ ಈ ವಿಳಾಸದ ಮಹತ್ವ ತಿಳಿಯುತ್ತದೆ.

ಎರಡನೆಯ ತಿರುವು ಸಾಗಣೆಯದು. ‘ನಾವು ಕೊರಿಯರಿಗೆ ಒಪ್ಪಿಸಿದ್ದೇವೆ’ ಎಂಬುದು ವರ್ತಕನ ಪ್ರಸಿದ್ಧ ಉತ್ತರ. ಈ ಉತ್ತರಕ್ಕೆ ಹಳೆಯ ಕಾನೂನಿನ ಬೆಂಬಲವಿದೆ ಎಂಬುದು ಸ್ವಾರಸ್ಯಕರವಾದ ಸಂಗತಿ. 1930ರ ಅಧಿನಿಯಮದ 39ನೆಯ ಕಲಮಿನ ಪ್ರಕಾರ, ಕರಾರಿನಂತೆ ಸರಕನ್ನು ಸಾಗಣೆದಾರನಿಗೆ ಒಪ್ಪಿಸಿದರೆ ಮೇಲ್ನೋಟಕ್ಕೆ ಕೊಂಡವನಿಗೇ ಒಪ್ಪಿಸಿದಂತೆ. ರೈಲಿನಲ್ಲಿ ಮೂಟೆಗಳನ್ನು ತರಿಸುತ್ತಿದ್ದ ಸಗಟು ವರ್ತಕರಿಗೆ, ಸಾಗಣೆದಾರನನ್ನು ತಾವೇ ಗೊತ್ತುಮಾಡುತ್ತಿದ್ದವರಿಗೆ, ಇದು ಸರಿಹೊಂದುವ ನ್ಯಾಯ. ಮನೆಯ ಬಾಗಿಲಿಗೇ ತಲುಪಿಸುವೆನೆಂದು ಮಾತು ಕೊಟ್ಟು, ಅದಕ್ಕಾಗಿ ಶುಲ್ಕವನ್ನೂ ಪಡೆದು, ಕೊರಿಯರನ್ನು ತಾನೇ ಆರಿಸಿದವನು ಇದರ ಮರೆಯಲ್ಲಿ ನಿಲ್ಲುವುದು ಯುಕ್ತವಲ್ಲ. ಕರಾರು ಏನೆಂಬುದೇ ಇಲ್ಲಿ ಮುಖ್ಯ. ಬಾಗಿಲಿಗೆ ಎಂದ ಮೇಲೆ ಬಾಗಿಲಿಗೆ. ಇನ್ನು ‘ತಲುಪಿಸಲಾಗಿದೆ’ ಎಂಬ ಸಂದೇಶ ಬಂದು ವಸ್ತು ಬಾರದಿರುವ ಪ್ರಸಂಗ ಎಲ್ಲಕ್ಕಿಂತ ಕಷ್ಟದ್ದು. ಬಂದದ್ದನ್ನು ತೋರಿಸಬಹುದು, ಬಾರದುದನ್ನು ತೋರಿಸುವುದು ಹೇಗೆ? ಸಹಿ ಯಾರದು, ಗುಪ್ತಸಂಖ್ಯೆ ಯಾರಿಗೆ ಹೋಯಿತು, ಛಾಯಾಚಿತ್ರದಲ್ಲಿರುವ ಬಾಗಿಲು ಯಾರ ಮನೆಯದು ಎಂದು ಅದೇ ದಿನ ಬರವಣಿಗೆಯಲ್ಲಿ ಕೇಳಿದವನಿಗೆ ಮಾತ್ರ ಅಲ್ಲಿ ಬಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಸರಕು ದಾರಿಯಲ್ಲಿರುವಾಗ ಹಣ ಎಲ್ಲಿರುತ್ತದೆ? ಗಿರಾಕಿಗೂ ವರ್ತಕನಿಗೂ ನಡುವೆ ಹಣ ಸಾಗಿಸುವ ಸಂಸ್ಥೆಗಳಿಗಾಗಿ ರಿಸರ್ವ್ ಬ್ಯಾಂಕು 2020ರ ಮಾರ್ಚ್ ತಿಂಗಳಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು. ಹಣವನ್ನು ಪ್ರತ್ಯೇಕವಾದ ಎಸ್ಕ್ರೋ ಖಾತೆಯಲ್ಲಿಡಬೇಕು. ತಲುಪಿಸುವ ಹೊಣೆ ವರ್ತಕನದಾದರೆ, ತಲುಪಿದ್ದು ಖಚಿತವಾದ ಮರುದಿನಕ್ಕಿಂತ ತಡಮಾಡದೆ ವರ್ತಕನಿಗೆ ಕೊಡಬೇಕು ಎಂದು ಅದರಲ್ಲಿತ್ತು. ಮೇಲುನೋಟಕ್ಕೆ ಇದು ಅಂಚೆಯವನ ಪುನರ್ಜನ್ಮ. ಆದರೆ ಎರಡು ಅಂಶಗಳನ್ನು ಗಮನಿಸಿರಿ. ಸರಕು ತಲುಪಿತೆಂದು ಖಚಿತಪಡಿಸುವ ಬಾಯಿ ವರ್ತಕನದೇ ಆಗಿತ್ತು. ಮತ್ತು ‘ತಡಮಾಡದೆ’ ಎಂಬ ಗಡುವು ವರ್ತಕನ ಹಣ ನಡುವೆ ಸಿಕ್ಕಿಬೀಳದಿರಲೆಂದು ಇಟ್ಟದ್ದು. 2025ರಲ್ಲಿ ಬ್ಯಾಂಕು ಈ ವಿಷಯದ ನಿರ್ದೇಶನಗಳನ್ನು ಹೊಸದಾಗಿ ಬರೆಯಿತು. ಅದು ಹೇಗೂ ಇರಲಿ, ದಿನಗಳನ್ನೆಣಿಸುವಾಗ ಯಾರ ದಿನಗಳನ್ನು ಎಣಿಸುತ್ತೇವೆ ಎಂಬುದು ಸಣ್ಣ ವಿಷಯವಲ್ಲ.

ಅದೇ ರಿಸರ್ವ್ ಬ್ಯಾಂಕು ಇನ್ನೊಂದು ಕಡೆ ಗಿರಾಕಿಯ ದಿನಗಳನ್ನೂ ಎಣಿಸಿದೆ. 2019ರ ಸೆಪ್ಟೆಂಬರಿನ ಸುತ್ತೋಲೆಯ ಪ್ರಕಾರ, ಯುಪಿಐ ಮೂಲಕ ಅಂಗಡಿಗೆ ಹಣ ಕೊಡುವಾಗ ನಿಮ್ಮ ಖಾತೆಯಿಂದ ಹಣ ಕಳೆದು ಅಂಗಡಿಗೆ ಖಚಿತವಾಗಿ ತಿಳಿಯದೆ ಹೋದರೆ, ಐದು ದಿನಗಳೊಳಗೆ ಅದು ತಾನಾಗಿ ಹಿಂದಿರುಗಬೇಕು. ಆಮೇಲೆ ತಡವಾದ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ. ಅದನ್ನೂ ಗಿರಾಕಿ ದೂರುವವರೆಗೆ ಕಾಯದೆ ತಾವಾಗಿಯೇ ಖಾತೆಗೆ ಹಾಕಬೇಕು. ಇದು ಉತ್ತಮವಾದ ನಿಯಮ. ಹಣ ದಾರಿ ತಪ್ಪಿದರೆ ದಿನಕ್ಕೆ ನೂರು ರೂಪಾಯಿ ಬೆಲೆಯುಂಟು. ಸರಕು ದಾರಿ ತಪ್ಪಿದರೆ ಏನುಂಟು? ಒಂದು ದೂರು ಸಂಖ್ಯೆ. ‘ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ’ ಎಂಬ ಯಂತ್ರಲಿಖಿತ ವಾಕ್ಯ. ಆಮೇಲೆ ಐದರಿಂದ ಏಳು ಕೆಲಸದ ದಿನಗಳು. ಎರಡು ಪ್ರಸಂಗಗಳಲ್ಲಿಯೂ ಗಿರಾಕಿಯ ಹಣ ಇನ್ನೊಬ್ಬನ ಹತ್ತಿರ ಕಾರಣವಿಲ್ಲದೆ ಕುಳಿತಿದೆ. ಒಂದಕ್ಕೆ ತಾನಾಗಿ ಬರುವ ಪರಿಹಾರ, ಇನ್ನೊಂದಕ್ಕೆ ಬೇಡಿ ಪಡೆಯಬೇಕಾದ ಅಸಲು ಎಂಬ ಈ ಭೇದಕ್ಕೆ ಆಧಾರವೇನೆಂಬುದು ಈ ಲೇಖಕನಿಗೆ ತಿಳಿಯದು. ಹೇಳಿದ ದಿನ ಕಳೆದ ಮೇಲೆ ಸರಕು ಬಾರದಿದ್ದರೆ ಹಣ ತಾನಾಗಿ ಹಿಂದಿರುಗಬೇಕು, ತಡವಾದರೆ ದಿನಲೆಕ್ಕದ ಪರಿಹಾರ ಸಲ್ಲಬೇಕು ಎಂದು ನಿಯಮ ಮಾಡುವುದಕ್ಕೆ ಯಾವ ಹೊಸ ತತ್ವವೂ ಬೇಕಿಲ್ಲ. 1930ರ 61ನೆಯ ಕಲಮನ್ನು ದಾವೆಯ ಆವರಣದಿಂದ ಹೊರಗೆ ತಂದರೆ ಸಾಕು.

ಇದಕ್ಕೆ ವರ್ತಕರ ಕಡೆಯಿಂದ ಒಂದು ಆಕ್ಷೇಪವುಂಟು, ಅದು ನಿರಾಧಾರವೂ ಅಲ್ಲ. ವಸ್ತುವನ್ನು ಪಡೆದು ‘ಬರಲಿಲ್ಲ’ ಎನ್ನುವ ಗಿರಾಕಿಗಳಿದ್ದಾರೆ. ಸಣ್ಣ ಊರಿನಿಂದ ಸೀರೆಯನ್ನೋ ಹಪ್ಪಳವನ್ನೋ ಮಾರುವ ಗೃಹಿಣಿಗೆ ಇಂಥ ಎರಡು ಸುಳ್ಳು ದೂರುಗಳು ಬಂದರೆ ತಿಂಗಳ ಲಾಭವೇ ಹೋದೀತು. ಆದರೆ ತಲುಪಿಸಿದ್ದಕ್ಕೆ ಸಾಕ್ಷ್ಯ ಇಟ್ಟುಕೊಳ್ಳುವ ಸಾಧನಗಳು ಸಾಗಣೆದಾರನ ಕೈಯಲ್ಲಿವೆ. ಸಾಧನವಿದ್ದವನ ಮೇಲೆ ಸಾಕ್ಷ್ಯದ ಭಾರ ಹಾಕುವುದು ನ್ಯಾಯಕ್ಕೆ ಸಮೀಪ.

ತಾನಾಗಿ ಹಿಂದಿರುಗದ ಹಣ ಎಷ್ಟು ಕಾಲ ಕುಳಿತಿರಬಲ್ಲದು ಎಂಬುದಕ್ಕೆ ಕೋವಿಡ್ ಕಾಲದ ವಿಮಾನ ಟಿಕೆಟುಗಳೇ ನಿದರ್ಶನ. ಅಲ್ಲಿ ಬಾರದೆ ಹೋದದ್ದು ಪ್ರಯಾಣ. ಲಾಕ್‌ಡೌನಿನಲ್ಲಿ ರದ್ದಾದ ಟಿಕೆಟುಗಳ ಹಣ ಹಿಂದಿರುಗಿಸುವ ಬಗ್ಗೆ ಸರ್ವೋಚ್ಚ ನ್ಯಾಯಾಲಯ 2020ರ ಅಕ್ಟೋಬರ್ 1ರಂದೇ ಆದೇಶ ನೀಡಿತ್ತು. ಆದರೂ ‘ಯಾತ್ರಾ’ ಎಂಬ ಒಂದೇ ಆನ್‌ಲೈನ್ ಸಂಸ್ಥೆಯಲ್ಲಿ 2021ರಲ್ಲಿ ಸುಮಾರು 26 ಕೋಟಿ ರೂಪಾಯಿ ಬಾಕಿಯಿತ್ತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಒತ್ತಾಯದಿಂದ ಅದು ಕರಗುತ್ತ ಬಂದರೂ, 2024ರ ಜೂನ್ ತಿಂಗಳಲ್ಲಿಯೂ ಎರಡೂವರೆ ಕೋಟಿ ಉಳಿದೇ ಇತ್ತು. ನಾಲ್ಕು ವರ್ಷ! ಅದೇ 2024ರ ಅಕ್ಟೋಬರಿನಲ್ಲಿ ಪ್ರಾಧಿಕಾರವು ಓಲಾ ಸಂಸ್ಥೆಗೆ, ರೀಫಂಡನ್ನು ಕೂಪನ್ನಾಗಿ ಪಡೆಯಬೇಕೇ ಬ್ಯಾಂಕ್ ಖಾತೆಗೆ ಪಡೆಯಬೇಕೇ ಎಂಬುದನ್ನು ಗ್ರಾಹಕನೇ ಆರಿಸುವಂತೆ ಏರ್ಪಾಡು ಮಾಡಬೇಕೆಂದು ನಿರ್ದೇಶಿಸಿತು. ಕೂಪನ್ ಕೊಡುವುದೆಂದರೆ ಸಾಲವನ್ನು ಮರಳಿಸುವ ಬದಲು ಅದೇ ಸಾಲಗಾರನಿಗೆ ಇನ್ನೊಮ್ಮೆ ಸಾಲ ಕೊಡುವಂತೆ ಮಾಡುವುದು.

650 ರೂಪಾಯಿಯ ನಿಘಂಟಿಗಾಗಿ ಹಣ ಕಳುಹಿಸಿ ಕಾಯುತ್ತಿರುವ ವಿದ್ಯಾರ್ಥಿಯೊಬ್ಬನಿದ್ದಾನೆಂದು ಇಟ್ಟುಕೊಳ್ಳೋಣ. ಇಂದಿನ ಸ್ಥಿತಿಯಲ್ಲಿ ಅವನು ಏನು ಮಾಡಬೇಕು? ಹೇಳಿದ ದಿನ ಕಳೆದ ಕೂಡಲೆ ಮಾರಿದವನಿಗೂ ಜಾಲತಾಣದ ದೂರು ಪರಿಹಾರಾಧಿಕಾರಿಗೂ ಬರವಣಿಗೆಯಲ್ಲಿ ತಿಳಿಸಿ, ‘ಸರಕು ಬೇಡ, ಹಣವನ್ನು ಕೊಟ್ಟ ಖಾತೆಗೇ ಹಿಂದಿರುಗಿಸಿ’ ಎಂದು ನಿರ್ದಿಷ್ಟವಾಗಿ ಕೇಳಬೇಕು. ದೂರವಾಣಿಯ ಸವಿಮಾತು ಸಾಕ್ಷ್ಯಕ್ಕೆ ಬಾರದು. ಕಾರ್ಡಿನಲ್ಲಿ ಕೊಟ್ಟಿದ್ದರೆ ಇನ್ನೊಂದು ದಾರಿಯೂ ಉಂಟು. ತನ್ನ ಬ್ಯಾಂಕಿಗೆ ಬರೆದು ‘ಚಾರ್ಜ್‌ಬ್ಯಾಕ್’ ಕೇಳಿದರೆ, ಬ್ಯಾಂಕು ವರ್ತಕನ ಬ್ಯಾಂಕಿನಿಂದ ಲೆಕ್ಕ ಕೇಳುತ್ತದೆ. ಇದಕ್ಕೆ ಗಡುವುಂಟು, ‘ಇನ್ನೆರಡು ವಾರ ನೋಡಿ’ ಎಂಬ ವರ್ತಕನ ಸಮಾಧಾನಗಳಲ್ಲಿ ಆ ಗಡುವು ಜಾರಿಹೋಗುವುದೇ ಹೆಚ್ಚು. ಆಮೇಲೆ 1915 ಎಂಬ ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೆ ಆಜ್ಞೆ ಮಾಡುವ ಅಧಿಕಾರವಿಲ್ಲ, ಸಂಸ್ಥೆಗಳೊಡನೆ ಮಾತನಾಡಿ ಒಪ್ಪಿಸುವುದಷ್ಟೆ. ಆದರೂ ತಿಂಗಳುಗಟ್ಟಲೆ ಮಲಗಿದ್ದ ಹಣ ಅಲ್ಲಿಂದ ಒಂದು ಪ್ರಶ್ನೆ ಹೋದೊಡನೆ ಎಚ್ಚರಗೊಳ್ಳುವುದುಂಟು.

ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಹಿಂದಿನ ಕಾಯಿದೆಯಲ್ಲಿದ್ದ ಒಂದು ದೊಡ್ಡ ತೊಡಕನ್ನು 2019ರ ಅಧಿನಿಯಮ ನಿವಾರಿಸಿದೆ. ಮಾರಿದವನು ಗುರುಗ್ರಾಮದಲ್ಲಿದ್ದರೂ ಸೂರತ್ತಿನಲ್ಲಿದ್ದರೂ, ಕೊಂಡವನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಹೂಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ; ವಕೀಲರು ಇರಲೇಬೇಕೆಂದಿಲ್ಲ; 2025ರ ಜನವರಿಯಿಂದ ನಡೆಯುತ್ತಿರುವ ‘ಇ-ಜಾಗೃತಿ’ ತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಎರಡು ವರ್ಷಗಳೊಳಗೆ ಹೂಡಬೇಕು. ಮೂರು ತಿಂಗಳಲ್ಲಿ ತೀರ್ಮಾನವಾಗಬೇಕೆಂಬ ಮಾತು ಮಾತ್ರ ಬಹಳ ವೇಳೆ ಕಾಗದದ ಮೇಲೆಯೇ ಉಳಿಯುತ್ತದೆ. 650 ರೂಪಾಯಿಗಾಗಿ ಅಷ್ಟು ದೂರ ನಡೆಯುವವರು ಎಷ್ಟು ಮಂದಿ? ನಡೆಯಲಾರರೆಂಬುದನ್ನು ಬಲ್ಲ ವರ್ತಕನೂ ಇದ್ದಾನೆ. ನಡೆಯದೆ ಬಿಟ್ಟ ಸಾವಿರ ಜನರ 650 ರೂಪಾಯಿಗಳು ಅವನ ಪುಸ್ತಕದಲ್ಲಿ ಆರೂವರೆ ಲಕ್ಷವಾಗಿ ಕೂಡುತ್ತವೆ.

ಇದುವರೆಗೆ ಹೇಳಿದ್ದು ಅಂಗಡಿಯೆಂಬುದೊಂದು ಇದ್ದಾಗಿನ ಮಾತು. ಸಾಮಾಜಿಕ ಜಾಲದಲ್ಲಿ ಚಿತ್ರ ತೋರಿಸಿ, ಯಾರದೋ ಖಾಸಗಿ ಖಾತೆಗೆ ಹಣ ಹಾಕಿಸಿಕೊಂಡು ಮಾಯವಾಗುವವನು ವರ್ತಕನೇ ಅಲ್ಲ. ಹಿಂದೆ ಇಂಥವನನ್ನು ಜನ ‘ನಾನೂರ ಇಪ್ಪತ್ತು’ ಎಂದು ಕರೆಯುತ್ತಿದ್ದರು. 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಯ ಕಲಮು 318 ಆಗಿದೆ. ಬೈಗುಳ ಬದಲಾಗಲು ಒಂದು ತಲೆಮಾರು ಬೇಕಾದೀತು. ಅಲ್ಲಿ ಗ್ರಾಹಕ ಆಯೋಗಕ್ಕಿಂತ ಮೊದಲು 1930 ಎಂಬ ಸೈಬರ್ ಅಪರಾಧ ಸಹಾಯವಾಣಿಗೆ ತಿಳಿಸಬೇಕು, ಅದೂ ಗಂಟೆಗಳ ಲೆಕ್ಕದಲ್ಲಿ. ಹಣ ಖಾತೆಯಿಂದ ಖಾತೆಗೆ ಹಾರುವ ಮುನ್ನ ತಡೆಯಲು ಸಾಧ್ಯವಾದರೆ ಅದೇ ಲಾಭ. ಇದಕ್ಕಿಂತ ಕ್ರೂರವಾದದ್ದು ರೀಫಂಡಿನ ಹೆಸರಿನಲ್ಲಿಯೇ ನಡೆಯುವ ಮೋಸ. ಕಂಗಾಲಾದವನು ಅಂತರ್ಜಾಲದಲ್ಲಿ ಸಿಕ್ಕಿದ ‘ಗ್ರಾಹಕ ಸೇವೆ’ಯ ಸಂಖ್ಯೆಗೆ ಕರೆ ಮಾಡುತ್ತಾನೆ, ಆ ಕಡೆಯವನು ಅತಿ ವಿನಯದಿಂದ, ಹಣ ಬರಬೇಕಾದರೆ ಯುಪಿಐ ಗುಪ್ತಸಂಖ್ಯೆ ಒತ್ತಬೇಕೆನ್ನುತ್ತಾನೆ. ಹಣ ಪಡೆಯುವುದಕ್ಕೆ ಗುಪ್ತಸಂಖ್ಯೆ ಬೇಕಾಗುವುದೇ ಇಲ್ಲ. ಅದು ಕೊಡುವುದಕ್ಕೆ ಮಾತ್ರ.

ಇನ್ನೊಂದು ಮಾತು ನಮ್ಮ ನಾಡಿಗೆ ಸಂಬಂಧಪಟ್ಟದ್ದು. 1915ರ ಸಹಾಯವಾಣಿಯಲ್ಲಿ ಕನ್ನಡದಲ್ಲಿ ಮಾತನಾಡಬಹುದು. ಅದು 17 ಭಾಷೆಗಳಲ್ಲಿ ದೂರು ಕೇಳುತ್ತದೆ. ಆದರೆ ದೂರಿಗೆ ಮೂಲವಾದ ಕರಾರು, ಎಂದರೆ ಹಣ ಯಾವಾಗ ಹಿಂದಿರುಗುತ್ತದೆ, ಯಾವಾಗ ಇಲ್ಲ ಎಂಬ ಷರತ್ತುಗಳು, ಬಹುಪಾಲು ಜಾಲತಾಣಗಳಲ್ಲಿ ಇಂಗ್ಲಿಷಿನಲ್ಲಿಯೇ ಇವೆ. ಸರಕಿನ ಹೆಸರು, ಬೆಲೆ, ‘ಈಗಲೇ ಕೊಳ್ಳಿ’ ಎಂಬ ಆಹ್ವಾನ ಇವಿಷ್ಟನ್ನು ಕೆಲವರು ಚೆಲುವಾದ ಕನ್ನಡದಲ್ಲಿ ಮುದ್ರಿಸತೊಡಗಿದ್ದಾರೆ.